ಉದ್ದ ಇದ್ದವ್ರು ಬರೀ ಹೊಡಿಯಾಕ ಅಷ್ಟೇ ಏನ್ರಿ?

ಸಂಪಾದಕರಿಗೆ ನಮಸ್ಕಾರ್ರೀ,

ನಮ್ ಕೊಪ್ಪಳ ಕಡೆ ಜಾತ್ರಿ ಬಂತಂದ್ರ ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟ್ ಎಷ್ಟೋ ಊರಾಗ ಇರ್ತಾವ, ಆದ್ರ ಪೇಪರ್‌ನಾಗ ಬರೋದು ಉದ್ಘಾಟನೆ ಮಾಡಿದವ್ರ ಫೋಟೋ, ಗೆದ್ದ ಟೀಮಿನ ಹೆಸರು, ಮುಗೀತು. ಆಟದ ಬಗ್ಗೆ, ಅಂದ್ರ ಉದ್ದ ಹುಡುಗ್ರಿಗೆ ಬರೀ ಹೊಡಿಯೋದಷ್ಟೇ ಕಲಿಸ್ತಾರಲ್ಲ ಅದ್ರ ಬಗ್ಗೆ, ಒಂದ್ ಮಾತು ಹೇಳೋದೈತಿ, ಜಾಗ ಇದ್ರ ಹಾಕ್ರಿ.

ಆಂದ್ರೆಯಾ ಜಾನಿ ಅಂತ ಇಟಲಿ ಪ್ಲೇಯರ್ ಒಬ್ಬ ಇದ್ದ. 1970ರಾಗ ನೇಪಲ್ಸ್‌ನಾಗ ಹುಟ್ಟಿದವ, 2007ರಾಗ ಆಟ ಬಿಟ್ಟ, ಅಷ್ಟರಾಗ ಇಟಲಿ ಪರ 474 ಮ್ಯಾಚ್ ಆಡಿದ್ದ, 1990, 1994, 1998 ಹಿಂಗ ಬೆನ್ನಹಿಂದ ಬೆನ್ನ ಮೂರು ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದ ಟೀಮ್‌ನಾಗ ಇದ್ದ. ಇಷ್ಟ್ ವರ್ಷದಾಗ ಇಟಲಿಯ ಮೊದಲ ದರ್ಜೆ ಲೀಗ್‌ನಾಗ ಕ್ಲಬ್ ಎರಡೇ ನೋಡ್ರಿ, ಮೊದಲು ಪಾರ್ಮಾ, 1996ರಿಂದ ಮೊಡೆನಾ. (ಇಟಲಿ ನಮಗ್ಯಾಕ ಅನ್ನಬ್ಯಾಡ್ರಿ, ನಮ್ ಕೇರಳದ ವಾಲಿಬಾಲ್ ಪ್ಲೇಯರ್ ಜಿಮ್ಮಿ ಜಾರ್ಜ್ ಅಲ್ಲಿನ ಲೀಗ್‌ನಾಗ ಆಡಿದವ್ರು, 1987ರಾಗ ಅಲ್ಲೇ ಕಾರ್ ಆಕ್ಸಿಡೆಂಟಾಗಿ ತೀರ್ಕೊಂಡ್ರು.)

ನನಗ ಜಾನಿ ಸೇರೋದು ಕಪ್ ಲೆಕ್ಕಕ್ಕಲ್ಲ. ಈ ಮನಷ್ಯಾ ರಿಸೀವ್ (ಎದುರಿನವ್ರ ಸರ್ವಿಸ್ ಎತ್ತೋದು) ಮಾಡಿ ಹೊಡಿಯೋ ಜಾಗದಾಗೂ ಆಡಿದ, ಸೆಂಟರ್ ಬ್ಲಾಕರ್ (ನೆಟ್ ನಡುವ ನಿಂತು ಹೊಡೆತ ತಡಿಯೋನು) ಆಗೂ ಆಡಿದ, ಆಪೋಸಿಟ್ (ರಿಸೀವ್ ಬಿಟ್ಟು ಬಲಗಡೆಯಿಂದ ಹೊಡಿಯೋನು) ಆಗೂ ಆಡಿದ, ಟೀಮಿಗೆ ಎಲ್ಲಿ ಬೇಕೋ ಅಲ್ಲಿ, ಅದೂ ವರ್ಲ್ಡ್ ಲೆವೆಲ್‌ನಾಗ. ಈಗ ಹಂಗ ಆಡೋರು ಸಿಗೋದು ಕಷ್ಟ. 1998ರಾಗ ಲಿಬೆರೊ (ಹಿಂದಿನ ಸಾಲಿನಾಗ ಬರೀ ಬಾಲ್ ಎತ್ತೋ ಪ್ಲೇಯರ್) ರೂಲ್ ಬಂದ ಮ್ಯಾಲೆ ಸೆಂಟರ್‌ನವ ಹಿಂದಿನ ಸಾಲಿಗೆ ಬಂದ್ರ ಅವನ ಜಾಗಕ್ಕ ಲಿಬೆರೊನ ಬಿಟ್ಟು ಹೊರಗ ಹೋಗಿ ನಿಲ್ತಾನ, ಅವಂಗ ರಿಸೀವ್ ಕಲಿಯೋ ಗರಜೇ ಬೀಳಂಗಿಲ್ಲ.

ಒಲಿಂಪಿಕ್ಸ್ ಗೋಲ್ಡ್ ಮಾತ್ರ ಆಡೋವಾಗ ಸಿಗಲೇ ಇಲ್ಲ, 1988ರಿಂದ 2004ರ ತನಕ ಐದು ಒಲಿಂಪಿಕ್ಸ್ ಆಡಿದ್ರೂ. 1996ರ ಫೈನಲ್‌ನಾಗ ನೆದರ್ಲೆಂಡ್ಸ್ ಜೋಡಿ ಐದನೇ ಸೆಟ್ 17-15ಕ್ಕ ಸೋತು ಬೆಳ್ಳಿ, 2000ದಾಗ ಕಂಚು, 2004ರಾಗ ಬ್ರೆಜಿಲ್ ಕೈಯಾಗ ಸೋತು ಮತ್ತ ಬೆಳ್ಳಿ. ಕೊನಿಗೆ 2024ರ ಪ್ಯಾರಿಸ್‌ನಾಗ ಫ್ರಾನ್ಸ್ ಕೋಚ್ ಆಗಿ ಗೆದ್ದ, ಅದ್ರಾಗ ಸೆಮಿಫೈನಲ್‌ನಾಗ ಸೋತಿದ್ದು ಯಾರು ಅಂತೀರಿ, ಇಟಲೀನೇ, 3-0! ಆಕಡೆ ಇಟಲಿ ಕೋಚ್ ಆಗಿ ಕುಂತಿದ್ದ ಫೆರ್ಡಿನಾಂಡೊ ದೆ ಜಾರ್ಜಿ, ಹಳೇ ಟೀಮ್‌ಮೇಟು, ಆ ಮೂರೂ ವರ್ಲ್ಡ್ ಚಾಂಪಿಯನ್‌ಶಿಪ್ ಇಬ್ರೂ ಕೂಡೇ ಗೆದ್ದವ್ರು. ಎಲ್ಲಾ ಜಾಗದಾಗ ನಿಂತು ಆಡಿದವಂಗ ಬೇರೆಯವ್ರ ಟೀಮು ಲಗೂನ ತಿಳೀತೈತಿ ಅಂತ ನನ್ನ ಅನಿಸಿಕಿ, ಸ್ಲೊವೇನಿಯಾ, ಜರ್ಮನಿ ಅಂಥಾ ಟೀಮ್‌ಗಳನ್ನೂ ಯುರೋಪಿಯನ್ ಫೈನಲ್‌ಗೆ ಒಯ್ದಾನ.

ಈಗ ನಮ್ ಊರಿಗೆ ಬರ್ರಿ. ಹೈಸ್ಕೂಲ್ ಹುಡುಗ ಸ್ವಲ್ಪ ಉದ್ದ ಅದಾನ ಅಂದ್ರ ನೆಟ್ ಹತ್ರ ನಿಲ್ಲಿಸಿ ಹೊಡಿ ಅಂತಾರ, ಗಿಡ್ಡ ಇದ್ದವ ಲಿಫ್ಟರ್ (ಹೊಡಿಯೋರಿಗೆ ಬಾಲ್ ಎತ್ತಿ ಕೊಡೋನು), ಉಳಿದವ್ರು ಹಿಂದ ಬಾಲ್ ಎತ್ತೋರು. ಎಷ್ಟೋ ಕಡೆ ಪ್ರಾಕ್ಟೀಸ್‌ನಾಗ ರೊಟೇಷನ್ನೇ (ಒಬ್ಬೊಬ್ರು ಜಾಗ ಬದಲಿ ಮಾಡ್ಕೋತ ತಿರುಗೋದು) ಮಾಡಂಗಿಲ್ಲ, ಆಮ್ಯಾಲೆ ಅದೇ ಹುಡುಗ ಜಿಲ್ಲಾ ಸೆಲೆಕ್ಷನ್‌ಗೆ ಹೋದಾಗ ಎದುರಿನವ್ರು ಬೇಕಂತ ಅವನ ಮ್ಯಾಲೇ ಸರ್ವಿಸ್ ಹಾಕ್ತಾರ, ನಾಕು ಬಾಲ್ ಹೊರಗ ಹೋದ್ವಂದ್ರ ಹುಡುಗ ಬೆಂಚಿಗೆ. ಎತ್ತರ ಇತ್ತು, ಜಂಪ್ ಇತ್ತು, ಕಲಿಸೋರು ಕಲಿಸಲಿಲ್ಲ ಅಷ್ಟ.

ಪಿಟಿ ಮಾಸ್ತರುಗಳಿಗೆ ನನ್ನ ವಿನಂತಿ ಇಷ್ಟೇರಿ, ಹತ್ತನೇತ್ತ ಮುಗಿಯೋತನಕ ಎಲ್ಲಾ ಹುಡುಗ್ರನ್ನೂ ಎಲ್ಲಾ ಜಾಗದಾಗ ಆಡಿಸ್ರಿ, ತಾಲೂಕು ಮ್ಯಾಚ್ ಒಂದೆರಡು ಸೋತ್ರ ಸೋಲ್ಲಿ, ಏನಾಗ್ತೈತಿ. ಮತ್ತ ಟೂರ್ನಮೆಂಟ್ ಕಮಿಟಿಯವ್ರು ಬೆಸ್ಟ್ ಆಲ್‌ರೌಂಡರ್ ಅಂತ ಟ್ರೋಫಿ ಇಟ್ಟಿರ್ತೀರಲ್ಲ, ಅದನ್ನೂ ರಾತ್ರಿ ಎರಡಕ್ಕ ನಿದ್ದಿಗಣ್ಣಾಗ ಹೆಚ್ಚು ಶಾಟ್ ಹೊಡದವಂಗೇ ಕೊಟ್ಟು ಕಳಸ್ತೀರಿ, ಈ ವರ್ಷ ಯಾರು ಎಷ್ಟು ರಿಸೀವ್ ಮಾಡಿದ್ರು ಅಂತ ಸ್ಕೋರ್‌ಶೀಟ್ ಮಗ್ಗಲಿಗೆ ಒಬ್ರನ್ನ ಕುಂದ್ರಿಸಿ ಬರಿಸ್ರಿ.

ಒಬ್ಬ ಓದುಗ, ಗಂಗಾವತಿ