ಕುಂಡದ ಶುಂಠಿ, ಮಡಿಯ ಕ್ರೇನ್

ಎರ್ಲಾಂಗೆನ್, ಜರ್ಮನಿ
ನವೆಂಬರ್ ತಿಂಗಳು

ತೀರ್ಥರೂಪರಾದ ಅಪ್ಪಯ್ಯನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಇಲ್ಲಿ ನಾನು ಬೆಳೆಸುವ ಖಾರದ ಬಿಳಿ ಬೇರಿನ ತುಂಡೊಂದನ್ನು ತಂದು ತೀರ್ಥಹಳ್ಳಿಯ ನಮ್ಮ ಹಿತ್ತಲಲ್ಲಿ ನೆಟ್ಟರೆ ಬಂದೀತೇ ಎಂದು ಅಪ್ಪಯ್ಯ ಕೇಳಿದ್ದಿರಿ. ಬಾರದೆಂದೇ ನನ್ನ ಅಭಿಪ್ರಾಯ.

ಹಾರ್ಸ್‌ರ್ಯಾಡಿಶ್ ಎಂಬ ಈ ಬೇರನ್ನು ಈ ಸೀಮೆಯವರು ಕ್ರೇನ್ ಎನ್ನುತ್ತಾರೆ. ನಮಗೆ ಉತ್ತರದಲ್ಲಿರುವ ಬೈಯರ್ಸ್‌ಡೋರ್ಫ್ ಈ ಬೆಳೆಗೇ ಹೆಸರಾದ ಊರು. ಗಿಡ ಸಾಸಿವೆಯ ಕುಲದ್ದು, ಶುಂಠಿಗೆ ನಂಟಿಲ್ಲ. ಇಡೀ ಬೇರನ್ನು ಮೂಸಿದರೆ ಘಾಟೇ ಇರದು; ತುರಿದಾಗ ಮಾತ್ರ ಜೀವಕೋಶಗಳು ಒಡೆದು, ಅದುವರೆಗೆ ಬೇರೆಬೇರೆಯಾಗಿದ್ದ ಸಿನಿಗ್ರಿನ್ ಎಂಬ ವಸ್ತುವೂ ಒಂದು ಕಿಣ್ವವೂ ಕೂಡಿಕೊಂಡು, ಮೂಗಿಗೇರುವ ಸಾಸಿವೆಯೆಣ್ಣೆಯ ಘಾಟು ಹುಟ್ಟುತ್ತದೆ. ಬಿಸಿ ತಾಗಿದರೆ ಅದು ಹಾರಿಹೋಗುತ್ತದೆ. ಶುಂಠಿಯ ಖಾರವಾದರೋ ಕಷಾಯದಲ್ಲಿ ಕುದಿದರೂ ನಿಲ್ಲುತ್ತದೆ, ಒಣಗಿದರೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಆದ್ದರಿಂದ ಕ್ರೇನನ್ನು ಒಲೆಗೆ ತೋರಿಸದೆ, ಮೊಸರಿಗೆ ತುರಿದು, ತಂಬುಳಿಯಂತೆ ಬಡಿಸುತ್ತೇನೆ. ನಿಮ್ಮ ಅಳಿಯಂದಿರು ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಾರೆ.

ಚಳಿ ಕಳೆಯುತ್ತಿದ್ದಂತೆ ಪೆನ್ಸಿಲ್ ದಪ್ಪದ ಬೇರುಗಳನ್ನು ನೆಡುತ್ತಾರೆ. ತಲೆಕೆಳಗಾಗದಿರಲೆಂದು ಮೇಲ್ತುದಿಯನ್ನು ನೇರವಾಗಿಯೂ ಕೆಳತುದಿಯನ್ನು ಓರೆಯಾಗಿಯೂ ಕತ್ತರಿಸಿರುತ್ತಾರೆ. ಹಿಮಕ್ಕೆ ಎಲೆ ಸತ್ತ ಮೇಲೆ ಅಗೆಯುವುದು. ಆಗ ಮಣ್ಣಿನಲ್ಲಿ ಚೂರು ಉಳಿದರೂ ನಮ್ಮ ತೋಟದ ಜೇಕಿನ ಗಡ್ಡೆಯ ಹಾಗೆ ಮತ್ತೆ ಚಿಗುರುತ್ತದೆ. ಇಷ್ಟು ಗಟ್ಟಿಜೀವವಾದರೂ ಅದಕ್ಕೆ ಚಳಿಗಾಲದ ನಿದ್ದೆ ಬೇಕು. ಮಲೆನಾಡಿನಲ್ಲಿ ಆ ಚಳಿಯೂ ಇಲ್ಲ, ಸಾಲದ್ದಕ್ಕೆ ಆಷಾಢದ ನೀರು ನಿಂತು ಬೇರು ಕೊಳೆಯುತ್ತದೆ.

ಇಲ್ಲಿ ಶುಂಠಿಯ ಪಾಡು ಇದಕ್ಕೆ ತಿರುಗುಮುರುಗು. ನೀವು ಏಪ್ರಿಲ್, ಮೇ ತಿಂಗಳ ಮಳೆಗೆ ಏರುಮಡಿಯಲ್ಲಿ ಬೀಜದ ಗಡ್ಡೆ ಊರಿ ಸೊಪ್ಪು ಹೊದಿಸುತ್ತೀರಿ. ನಾನು ಫೆಬ್ರುವರಿಯಲ್ಲೇ ಕಣ್ಣಿರುವ ತುಂಡುಗಳನ್ನು ಅಗಲವಾದ ಕುಂಡದಲ್ಲಿ ತೆಳ್ಳಗೆ ಮಣ್ಣು ಮುಚ್ಚಿ, ಹೀಟರಿನ ಮೇಲಿನ ಕಿಟಕಿಯಲ್ಲಿಟ್ಟು ಮೊಳಕೆ ಬರಿಸಿ, ಹಿಮದ ಭಯ ಕಳೆದು ಮೇ ಅರ್ಧವಾದ ಮೇಲೆಯೇ ಬಾಲ್ಕನಿಗೆ ಇಳಿಸುತ್ತೇನೆ. ಸೆಪ್ಟೆಂಬರಿನಲ್ಲಿ ಮತ್ತೆ ಒಳಗೆ ಎತ್ತಿಡಬೇಕು. ಗಡ್ಡೆ ಬಲಿಯಲು 8–9 ತಿಂಗಳು ಬೇಕಷ್ಟೆ, ಅದರಲ್ಲಿ ಅರ್ಧ ಕಾಲ ಅದು ಮನೆಯೊಳಗಿನ ಮಗುವೇ.

ಅಂದಹಾಗೆ, ಹಿಂದೆ ನಮ್ಮ ದೇಶದಲ್ಲಿದ್ದ ಬ್ರಿಟಿಷರು ಕ್ರೇನ್ ಸಿಗದೆ ನುಗ್ಗೆಯ ಬೇರನ್ನು ತುರಿದು ತಿನ್ನುತ್ತಿದ್ದರು, ಎರಡರ ಘಾಟಿಗೂ ಹೋಲಿಕೆಯಿದೆ. ಆದರೆ ನುಗ್ಗೆ ಬೇರಿನ ತೊಗಟೆಯಲ್ಲಿ ವಿಷದ ಅಂಶವಿರುವುದರಿಂದ ಅಪ್ಪಯ್ಯ ದಯವಿಟ್ಟು ಗುದ್ದಲಿ ಹಿಡಿದು ಹೊರಡಬಾರದು. ಅಮ್ಮ ಗಮನವಿಡಬೇಕು.

ಈಗ ನನ್ನ ಶುಂಠಿಯ ಎಲೆ ಹಳದಿಯಾಗಿದೆ, ನೀರು ನಿಲ್ಲಿಸಿದ್ದೇನೆ. ಒಂದು ಪಾಲನ್ನು ಬೀಜಕ್ಕೆ ಎತ್ತಿಡುವ ಮನಸ್ಸಿದೆ. ನೀವು ನೆರಳಿನ ಹೊಂಡದಲ್ಲಿ ಮರಳು ಹಾಸಿ ಇಡುತ್ತೀರಿ. ಇಲ್ಲಿ ನೆಲಮಾಳಿಗೆ ಶುಂಠಿಗೆ ತಡೆಯದಷ್ಟು ತಣ್ಣಗಿದೆ, ಅಡುಗೆಮನೆಯ ಗಾಳಿ ತೀರಾ ಒಣ. ಡಬ್ಬಿಯಲ್ಲಿ ಮರಳು ತುಂಬಿ ಅಡುಗೆಮನೆಯಲ್ಲೇ ಇಡುವುದಾದರೆ ಮರಳಿಗೆ ತುಸು ತೇವ ಮಾಡಬೇಕೇ, ಬೇಡವೇ ಎಂಬುದನ್ನು ಬೇಗನೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ,
ನಿಮ್ಮ ಪ್ರೀತಿಯ ಮಗಳು