ತೊನ್ನು ಇರುವ ಮಕ್ಕಳನ್ನು ದೂರ ಕೂರಿಸಬೇಡಿ

ಮಾನ್ಯರೇ,

ಚರ್ಮದ ಮೇಲೆ ಬಿಳಿ ಮಚ್ಚೆ ಕಂಡ ಕೂಡಲೇ ಮಗುವನ್ನು ದೂರ ಕೂರಿಸುವುದು ಇನ್ನೂ ನಿಂತಿಲ್ಲ. ತೊನ್ನು ಮುಟ್ಟಿದರೆ ಅಂಟುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಬೀಳುತ್ತದೆ, ಅಷ್ಟೇ.

ಸುಮಾರು ಅರ್ಧದಷ್ಟು ಜನರಲ್ಲಿ ಇದು 20 ವರ್ಷದೊಳಗೇ ಶುರುವಾಗುತ್ತದೆ. ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುವ ವಯಸ್ಸು ಅಲ್ವಾ ಅದು! ಆಗಲೇ ನೆಂಟರು ಮದುವೆಯ ಚಿಂತೆ ಎತ್ತುತ್ತಾರೆ. ಹಾಲು, ಮೀನು ಒಟ್ಟಿಗೆ ತಿಂದೆಯಾ ಎಂದು ಸುಮ್ನೆ ನೋಯಿಸುತ್ತಾರೆ. ಕೆನಡಾದ ವಿನ್ನಿ ಹಾರ್ಲೋ ಇದೇ ಮಚ್ಚೆಗಳೊಂದಿಗೆ ಹೆಸರಾಂತ ರೂಪದರ್ಶಿಯಾದರು. ಅವರ ಫೋಟೋವನ್ನು ಮಕ್ಕಳಿಗೆ ತೋರಿಸಿ. ಬೆಳಕಿನ ಚಿಕಿತ್ಸೆ, ಮುಲಾಮುಗಳೂ ಇವೆ.

ಜೂನ್ 25 ವಿಶ್ವ ತೊನ್ನು ದಿನ. ಅಂದು ಶಾಲೆ, ಕಾಲೇಜುಗಳು ಚರ್ಮ ವೈದ್ಯರನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಲಿ.

– ಒಬ್ಬ ಶಿಕ್ಷಕಿ, ಹಾಸನ