ಮುಖದ ಮೇಲಿನ ಕೆಸರು

ಗೆಳೆಯಾ,

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ವಿ ವಿಲ್ ರಾಕ್ ಯೂ’ ಬರೀ ಮ್ಯಾಚ್ ಹಾಡು, ಗೆದ್ದವರು ಕುಣಿಯಲು ಮಾತ್ರ ಲಾಯಕ್ಕು ಅಂತ ಬರೆದಿದ್ದೆಯಲ್ಲ, ಅದಕ್ಕೆ ಈ ಪತ್ರ. ನನಗೆ ತುಂಬಾ ಹತ್ತಿರದ ಹಾಡು ಅದು. ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಪಲ್ಲವಿ ಹಾಗಿರಲಿ, ಚರಣಗಳನ್ನು ಕೇಳು. ಮೊದಲು ಒಬ್ಬ ಹುಡುಗ. ಬೀದಿಯಲ್ಲಿ ಡಬ್ಬ ಒದೆಯುತ್ತಾ ಗದ್ದಲ ಎಬ್ಬಿಸುತ್ತಾನೆ. ಮುಂದೊಂದು ದಿನ ದೊಡ್ಡ ಮನುಷ್ಯ ಆಗುತ್ತಾನಂತೆ. ಆಮೇಲೆ ಅವನೇ ಯುವಕ. ಬಾವುಟ ಬೀಸುತ್ತಾ ಕೂಗುತ್ತಾನೆ. ಮುಂದೊಂದು ದಿನ ಜಗತ್ತನ್ನೇ ಎದುರು ಹಾಕಿಕೊಳ್ಳುತ್ತಾನಂತೆ. ಕೊನೆಗೆ ಮುದುಕ, ಬಡವ. ಕೈಯಲ್ಲಿ ಡಬ್ಬವೂ ಇಲ್ಲ, ಬಾವುಟವೂ ಇಲ್ಲ. ಕೂಗಾಟ ನಿಂತಿದೆ, ಕಣ್ಣಲ್ಲೇ ಬೇಡುತ್ತಾನೆ. ಈಗ ಅವನಿಗೆ ಒಂದಿಷ್ಟು ನೆಮ್ಮದಿ ಸಿಕ್ಕರೆ ಸಾಕು. ಅದೂ ಮುಂದೊಂದು ದಿನವೇ!

ಮುಖ ನೋಡು. ಮೊದಲು ಕೆಸರು, ನಡುವೆ ರಕ್ತ, ಕೊನೆಗೆ ಮತ್ತೆ ಕೆಸರು. ಅಷ್ಟೆಲ್ಲ ಬಡಿದಾಡಿ ಹೊರಟಲ್ಲಿಗೇ ಬಂದು ನಿಂತಿದ್ದಾನೆ. ಇವನನ್ನು ಯಾರಾದರೂ ಇವನ ಜಾಗದಲ್ಲಿ ಇಡಬೇಕು ಅನ್ನುವ ಮಾತೂ ಆಗಲೇ ಬರುತ್ತದೆ. ಆ ಸಾಲು ನನಗೆ ಪ್ರತಿ ಸಲ ಚುಚ್ಚುತ್ತದೆ. ಇದರಲ್ಲಿ ಗೆಲುವು ಎಲ್ಲಿದೆ, ಹೇಳು?

ನಿನಗೆ ಗೆಲುವು ಕೇಳಿಸಿದ್ದಕ್ಕೂ ಕಾರಣ ಇದೆ. 1977ರ ಆಲ್ಬಮ್‌ನಲ್ಲಿ ಇದರ ಬೆನ್ನಿಗೇ ‘ವಿ ಆರ್ ದ ಚಾಂಪಿಯನ್ಸ್’ ಬರುತ್ತದೆ. ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡ್ ಆಗಿಯೂ ಎರಡೂ ಒಟ್ಟಿಗೇ ಬಂದವು. ಆ ಗೆಲುವಿನ ಹಾಡಿನ ಸಂಭ್ರಮ ಇದಕ್ಕೂ ಅಂಟಿಕೊಂಡಿದೆ.

ಇನ್ನು ಸಂಗೀತ. ಅದೇ ವರ್ಷ ಇಂಗ್ಲೆಂಡಿನ ಸ್ಟಾಫರ್ಡ್‌ನ ಬಿಂಗ್ಲೀ ಹಾಲ್‌ನಲ್ಲಿ ಕ್ವೀನ್ ತಂಡದ ಸಂಗೀತ ಕಛೇರಿ ಮುಗಿದ ಮೇಲೂ ಜನ ಹೊರಡದೆ ತಾವೇ ಹಾಡತೊಡಗಿದರು. ಗಿಟಾರ್ ವಾದಕ ಬ್ರಯಾನ್ ಮೇಗೆ ಅದು ನಾಟಿತು. ಇಕ್ಕಟ್ಟಿನಲ್ಲಿ ನಿಂತ ಜನ ಏನು ಮಾಡಬಲ್ಲರು? ಕಾಲು ಕುಟ್ಟಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಕೊನೆಯ ಗಿಟಾರ್ ಬಿಟ್ಟರೆ ಮೇ ಈ ಹಾಡನ್ನು ಅಷ್ಟರಿಂದಲೇ ಕಟ್ಟಿದರು. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಮರದ ಹಲಗೆಗಳ ಮೇಲೆ ಕುಟ್ಟಿ ರೆಕಾರ್ಡ್ ಮಾಡಿದರು. ಆ ಸದ್ದನ್ನು ಬೇರೆ ಬೇರೆ ಅಂತರದಲ್ಲಿ ತಡವಾಗಿ ಮತ್ತೆ ಮತ್ತೆ ಸೇರಿಸಿದರು. ಆ ಅಂತರಗಳಿಗೆ ಮೇ ಆರಿಸಿಕೊಂಡದ್ದು ಅವಿಭಾಜ್ಯ ಸಂಖ್ಯೆಗಳನ್ನು. ಹಾಗಾಗಿ ಆ ಸದ್ದುಗಳು ಒಂದೇ ಅಳತೆಯಲ್ಲಿ ಮರುಕಳಿಸುವುದಿಲ್ಲ. ಅದು ಪ್ರತಿಧ್ವನಿ ಅನಿಸುವುದಿಲ್ಲ, ದೂರದಲ್ಲಿ ಹತ್ತಿರದಲ್ಲಿ ನಿಂತ ಸಾವಿರಾರು ಜನ ಅನಿಸುತ್ತದೆ.

ಎರಡು ಕುಟ್ಟು, ಒಂದು ಚಪ್ಪಾಳೆ, ಆಮೇಲೆ ಖಾಲಿ. ಆ ಖಾಲಿ ಜಾಗ ಗಮನಿಸು. ಅಲ್ಲಿ ಉಸಿರು ಬಿಗಿಯಾಗುತ್ತದೆ. ಚರಣದಲ್ಲಿ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ದನಿಯ ಕೆಳಗೆ ಒಂದು ಸ್ವರದ ಆಸರೆಯೂ ಇಲ್ಲ. ಇದು ದುಃಖ, ಇದು ಸಂತೋಷ ಅಂತ ತೋರಿಸಿಕೊಡುವ ಸ್ವರಗುಚ್ಛಗಳೇ (ಕಾರ್ಡ್ಸ್) ಇಲ್ಲ. ಹುಡುಗ ಮುದುಕನಾದರೂ ತಾಳ ಮಾತ್ರ ಬದಲಾಗುವುದಿಲ್ಲ. ಚರಣದಲ್ಲಿ ಬರುವುದು ‘ನೀನು’, ಒಬ್ಬಂಟಿ. ಪಲ್ಲವಿಯಲ್ಲಿ ‘ನಾವು’, ನಿನ್ನನ್ನು ಅಲುಗಾಡಿಸಿಬಿಡುತ್ತೇವೆ ಅನ್ನುವವರು. ಆ ‘ನಾವು’ ಅವನನ್ನು ಅಣಕಿಸುತ್ತಿದೆ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಅವನ ಪಕ್ಕ ಬಂದು ನಿಂತವರ ದನಿ ಅದು.

ಗಿಟಾರ್ ಬರುವುದು ಮುದುಕನ ಚರಣ ಮುಗಿದ ಮೇಲೆ. ಮೊದಲು ಒಂದೇ ಸ್ವರ ಗುಂಯ್‌ಗುಡುತ್ತದೆ, ಆಮೇಲೆ ಸಿಡಿಯುತ್ತದೆ. ಅವನು ಹೇಳಲಾಗದೆ ನುಂಗಿಕೊಂಡಿದ್ದೆಲ್ಲ ಅಲ್ಲಿ ಹೊರಬರುತ್ತದೆ ಅಂತ ನನ್ನ ನಂಬಿಕೆ. ಅದಕ್ಕೇ ಅಲ್ಲಿ ಮಾತು ಬೇಕಾಗಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳು. ಮೂರನೇ ಚರಣದ ಬಗ್ಗೆ ಜಾಸ್ತಿ ಬರೆ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ